ಜಿಮ್ನಿಗೆ 235 ಟೈರ್: ಎರಿ ರಾಡಿಗೆ ಬೇಕಾ, ಬೇಡವಾ?

ಡೋಣಿ_ದಂಡೆ (ತಾಳಿಕೋಟೆ, ಈಗ ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ಯಾರಾದರೂ ಬಿಡಿಸಿ ಹೇಳಿ.

ಗಾಡಿ ಮಾರುತಿ ಜಿಮ್ನಿ (ಫೋರ್ ವೀಲ್ ಡ್ರೈವ್ ಜೀಪು), ಮ್ಯಾನುವಲ್ ಗೇರ್, 2023ರದ್ದು. ಶೋರೂಮಿನಿಂದ ಹೇಗೆ ಬಂತೋ ಹಾಗೇ ಇದೆ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಇಲ್ಲ, ಬಂಪರ್ ಬದಲಿಸಿಲ್ಲ, ಮುಂದೆಯೂ ಬದಲಿಸುವ ಯೋಚನೆ ಇಲ್ಲ. ಕೆಲಸ ಬೆಳಗಾವಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಬಾಗಲಕೋಟೆ, ಆಲಮಟ್ಟಿ ಮೇಲೆ ಹಾದು ಊರಿಗೆ ಹೋಗುತ್ತೇನೆ. ಹೊಲ ಡೋಣಿ ಹೊಳೆಯ ಬದಿಗೆ, ಎರಿ ಅಂದರೆ ಕಪ್ಪು ಮಣ್ಣಿನದು. ಡಾಂಬರು ಮುಗಿದ ಮೇಲೆ ಮೂರು ಕಿಲೋಮೀಟರ್ ಚಕ್ಕಡಿ ದಾರಿ. ಆ ಮೂರು ಕಿಲೋಮೀಟರೇ ನನ್ನ ತಲೆನೋವು.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಮಳೆಯ ಮರುದಿನ ಹೋಗಿ ಸಿಕ್ಕಿಬಿದ್ದೆ. ಫೋರ್ ಎಲ್ (ನಾಲ್ಕೂ ಗಾಲಿ ತಳ್ಳುವ ನಿಧಾನದ ಗೇರ್) ಹಾಕಿದೆ. ನಾಲ್ಕೂ ಗಾಲಿ ತಿರುಗಿದವು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಗಾಲಿ ತಿರುಗುವುದೂ ನಿಂತಿತು. ಪಕ್ಕದ ಹೊಲದವರು ಎತ್ತು ಕಟ್ಟಿ ಎಳೆದು ಹಾಕಿದರು. ಹೊಲದ ತುಂಬ ನಗು.

ಈಗ ಕಂಪನಿ ಟೈರ್ ಸವೆದಿವೆ. ಸೈಜು 195/80 ಆರ್15. ಟೈರ್ ಅಂಗಡಿಯವರು "235/75 ಆರ್15 ಹಾಕಿಸಿ ಸರ್, ಆರಾಮಾಗಿ ಕೂರುತ್ತೆ, ಏನೂ ಕತ್ತರಿಸೋದು ಬೇಡ" ಅಂತಾರೆ. ಗೆಳೆಯನೊಬ್ಬ 215/75 ಸಾಕು ಅಂತಾನೆ. ಇನ್ನೊಬ್ಬ ರಿಮ್ಮನ್ನೇ ದೊಡ್ಡದು ಮಾಡು, 17 ಇಂಚು ಹಾಕು ಅಂತಾನೆ. ಹಾಕಿಸಿ ಓಡಿಸಿದವರು ಯಾರಿದ್ದೀರಿ?

ಜಾಂಬೋಟಿ_ಮಳೆ (ಬೆಳಗಾವಿ)

235 ಹಾಕಿಸಿ, ಯೋಚನೆ ಮಾಡಬೇಡಿ. ನನ್ನದೂ ಜಿಮ್ನಿ, ಲಿಫ್ಟ್ ಇಲ್ಲ. 235/75 ಎಟಿ (ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್) ಹಾಕಿ ಒಂದು ವರ್ಷ ಆಯ್ತು. ಜಾಂಬೋಟಿ, ಕಣಕುಂಬಿ, ಚೋರ್ಲಾ ಕಡೆ ಎಷ್ಟು ಮಳೆ ಅಂತ ನಿಮಗೇ ಗೊತ್ತು. ಜುಲೈನಲ್ಲಿ ಕಾಡಿನ ಬದಿಯ ಹೊಲಗಳಿಗೆ ಹೋಗಿ ಬಂದಿದ್ದೇನೆ, ಎಲ್ಲೂ ನಿಂತಿಲ್ಲ. ಗಾಡಿ ನೋಡೋಕೂ ಗಾಡಿ ಥರ ಕಾಣುತ್ತೆ. ಕಂಪನಿ ಟೈರಲ್ಲಿ ಜಿಮ್ನಿ ಅಂದ್ರೆ ದೊಡ್ಡ ಅಂಗಿಯ ಕೆಳಗೆ ಸಣ್ಣ ಕಾಲು.

ಫುಲ್ ಲಾಕ್ ತಿರುಗಿಸಿದಾಗ ಒಳಗೆ ಸ್ವಲ್ಪ ಸವರುತ್ತೆ. ಸ್ಟಿಯರಿಂಗನ್ನು ಕೊನೆವರೆಗೆ ತಿರುಗಿಸದೇ ಇದ್ದರಾಯ್ತು.

ಬರೀ_ನೋಡುವವ (ಇಳಕಲ್)

"ಏನೂ ಕತ್ತರಿಸೋದು ಬೇಡ" ಅಂದದ್ದು ಅಂಗಡಿಯವರು. "ಸ್ವಲ್ಪ ಸವರುತ್ತೆ" ಅನ್ನೋದು ಓಡಿಸಿದವರು. ಶುರುವಾಯ್ತು ನೋಡ್ರಿ.

ಲೇತ್_ಮಷಿನ್ (ಉದ್ಯಮಬಾಗ, ಬೆಳಗಾವಿ)

ಮೊದಲು ಲೆಕ್ಕ ಹಾಕೋಣ. ಆಮೇಲೆ ಜಗಳ.

195/80 ಆರ್15 ಅಂದರೆ ಟೈರ್ ಅಗಲ 195 ಮಿಮೀ. ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ 80 ಪರ್ಸೆಂಟ್, ಅಂದರೆ 156 ಮಿಮೀ. ಮೇಲೊಂದು ಕೆಳಗೊಂದು ಗೋಡೆ, ನಡುವೆ 15 ಇಂಚಿನ ರಿಮ್ ಅಂದರೆ 381 ಮಿಮೀ. ಒಟ್ಟು ಎತ್ತರ 693 ಮಿಮೀ. ಹೀಗೇ ಲೆಕ್ಕ ಹಾಕಿದರೆ 215/75 ಎತ್ತರ 703.5, 235/75 ಎತ್ತರ 733.5.

ಎತ್ತರ ಏರಿದ್ದರಲ್ಲಿ ಅರ್ಧ ಮಾತ್ರ ನೆಲದಿಂದ ಗಾಡಿಗೆ ಸಿಗುತ್ತದೆ. ಉಳಿದ ಅರ್ಧ ಮೇಲಕ್ಕೆ, ಮಡ್‌ಗಾರ್ಡ್ ಕಡೆಗೆ ಹೋಗುತ್ತದೆ. 215 ಹಾಕಿದರೆ ಗಾಡಿ ಐದು ಮಿಮೀ ಏರುತ್ತದೆ, ಅಂದರೆ ಏನೂ ಇಲ್ಲ ಅನ್ನಿ. 235 ಹಾಕಿದರೆ 20 ಮಿಮೀ. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ) 210 ಇದ್ದದ್ದು 230 ಆಯ್ತು. ಅದು ನಿಜವಾದ ಲಾಭ, ಇಲ್ಲ ಅನ್ನಲ್ಲ. ಗಾಡಿಯನ್ನು ಎಷ್ಟೇ ಲಿಫ್ಟ್ ಮಾಡಿದರೂ ಆಕ್ಸಲ್ ನಡುವಿನ ಗೇರಿನ ಗುಂಡು ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರ್ ಒಂದೇ.

ಆದರೆ ಆ 20 ಮಿಮೀಗೆ ಏನು ಕೊಡುತ್ತೀರಿ ನೋಡಿ. ಟೈರ್ 5.8 ಪರ್ಸೆಂಟ್ ದೊಡ್ಡದಾಯ್ತು. ಎಂಜಿನ್ ಅದೇ 1.5 ಲೀಟರ್, ಅದೇ 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಉದ್ದದ ಸ್ಪ್ಯಾನರ್‌ನಲ್ಲಿ ನಟ್ಟು ಬಿಚ್ಚುವುದು ಸುಲಭ ಅಲ್ವಾ? ಇಲ್ಲಿ ಉಲ್ಟಾ. ಆಕ್ಸಲ್‌ನಿಂದ ನೆಲ ದೂರ ಆದಷ್ಟೂ ನೆಲಕ್ಕೆ ತಲುಪುವ ತಳ್ಳುವ ಬಲ ಕಡಿಮೆ, ಐದೂವರೆ ಪರ್ಸೆಂಟ್ ಹತ್ತಿರ. ಬ್ರೇಕಿಗೂ ಇದೇ ಲೆಕ್ಕ. ಡಿಸ್ಕು, ಪ್ಯಾಡು ಅವೇ. ಹಿಡಿಯಬೇಕಾದ ಗಾಲಿ ಮಾತ್ರ ದೊಡ್ಡದು, ಭಾರ.

ಇನ್ನೊಂದು ಮಾತು ಅಂಗಡಿಯವರು ಹೇಳಿರಲ್ಲ. ಜಿಮ್ನಿ ರಿಮ್ಮಿನ ಅಗಲ ಐದೂವರೆ ಇಂಚು. 235/75ಕ್ಕೆ ಕನಿಷ್ಠ ಆರು ಇಂಚಿನ ರಿಮ್ ಬೇಕು. 215/75 ಐದೂವರೆಗೆ ಒಪ್ಪುತ್ತದೆ. ಕೂರುತ್ತೆ ಅಂದರೆ ಕೂರುತ್ತೆ. ಹತ್ತನೇ ನಂಬರ್ ಚಪ್ಪಲಿಯಲ್ಲಿ ಎಂಟನೇ ನಂಬರ್ ಕಾಲೂ ಕೂರುತ್ತೆ.

ಜಾಂಬೋಟಿ_ಮಳೆ

ಲೇತ್ ಅಣ್ಣ, ಕಾಗದದ ಮೇಲೆ ಐದೂವರೆ ಪರ್ಸೆಂಟ್. ಗಾಡಿಯಲ್ಲಿ ನನಗೆ ಅಷ್ಟೇನೂ ಗೊತ್ತಾಗಿಲ್ಲ. ಚೋರ್ಲಾ ಏರಿನಲ್ಲಿ ಮೂರನೇ ಗೇರ್ ಇದ್ದಲ್ಲಿ ಎರಡಕ್ಕೆ ಇಳಿಸಬೇಕು, ಅಷ್ಟೇ. ಮೈಲೇಜ್ ಮಾತ್ರ ಬಿದ್ದಿದೆ, ಒಪ್ಪುತ್ತೇನೆ. ಮೊದಲು 15 ಬರುತ್ತಿತ್ತು, ಈಗ 13.

ಲೇತ್_ಮಷಿನ್

ನೀವು ಮೀಟರ್ ನೋಡಿ ಲೆಕ್ಕ ಹಾಕಿದ್ದೀರಿ, ಅಲ್ವಾ? ಮೀಟರಿಗೆ ನೀವು ಟೈರ್ ಬದಲಿಸಿದ್ದು ಗೊತ್ತಿಲ್ಲ. ಅದು ಗಾಲಿ ಎಷ್ಟು ಸುತ್ತು ತಿರುಗಿತು ಅಂತ ಎಣಿಸುತ್ತದೆ, ಒಂದು ಸುತ್ತಿಗೆ ಹಳೇ ಟೈರಿನ ಅಳತೆಯನ್ನೇ ಹಿಡಿಯುತ್ತದೆ. ಈಗ ಮೀಟರ್ 400 ತೋರಿಸಿದರೆ ನೀವು ಹೋದದ್ದು 423 ಕಿಲೋಮೀಟರ್. 30 ಲೀಟರ್ ಹಾಕಿದ್ದರೆ ಮೀಟರ್ ಲೆಕ್ಕಕ್ಕೆ 13.3, ನಿಜವಾಗಿ 14.1. ನಿಮ್ಮ ಮೈಲೇಜ್ ಬಿದ್ದಿದೆ, ಆದರೆ ನೀವು ಅಂದುಕೊಂಡಷ್ಟು ಬಿದ್ದಿಲ್ಲ.

ಸ್ಪೀಡೋಮೀಟರೂ ಹಾಗೇ. 80 ತೋರಿಸುವಾಗ ಗಾಡಿ ಮೊದಲಿಗಿಂತ ಜಾಸ್ತಿ ಓಡುತ್ತಿರುತ್ತದೆ. ಕಂಪನಿಗಳು ಸ್ಪೀಡನ್ನು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುತ್ತಾರೆ. ಹಾಗಾಗಿ 235 ಹಾಕಿದರೆ ಮುಳ್ಳು ನಿಜದ ಹತ್ತಿರ ಬರುತ್ತದೆ. ಹೆದ್ದಾರಿಯಲ್ಲಿ ಮೊಬೈಲ್ ಜಿಪಿಎಸ್ ಇಟ್ಟು ಒಮ್ಮೆ ತಾಳೆ ನೋಡಿ.

ಜಾಂಬೋಟಿ_ಮಳೆ

ಇದು ಹೊಳೆದೇ ಇರಲಿಲ್ಲ. ವರ್ಷದಿಂದ ಮನೆಯಲ್ಲಿ ಸುಮ್ನೆ ಬೈಸಿಕೊಂಡೆ.

ಚಕ್ಕಡಿ_ಗಾಲಿ (ದೇವರಹಿಪ್ಪರಗಿ)

ತಮ್ಮಾ ಡೋಣಿ ದಂಡೆ, ನೀನು ಕೇಳಿದ್ದು ಟೈರಿನ ಬಗ್ಗೆ. ನಾನು ಮಣ್ಣಿನ ಬಗ್ಗೆ ಹೇಳುತ್ತೇನೆ.

ನಿನ್ನ ಪ್ರಶ್ನೆಯಲ್ಲೇ ಉತ್ತರ ಇದೆ, ಯಾರೂ ಓದಲಿಲ್ಲ. "ಆಮೇಲೆ ಗಾಲಿ ತಿರುಗುವುದೂ ನಿಂತಿತು" ಅಂತ ಬರೆದಿದ್ದೀಯ. ಗಾಡಿ ಹೂತು ನಿಂತರೆ ಗಾಲಿ ತಿರುಗುತ್ತಲೇ ಇರುತ್ತದೆ. ಗಾಲಿಯೇ ನಿಂತಿತು ಅಂದರೆ ಮಡ್‌ಗಾರ್ಡ್ ಒಳಗೆ ಎರಿ ತುಂಬಿ ಬಿಗಿಯಿತು ಅಂತ ಅರ್ಥ.

ನಮ್ಮ ಎರಿ ಗುಣ ಬೆಳಗಾವಿಯವರಿಗೆ ತಿಳಿಯಲ್ಲ. ನೀರು ಕುಡಿದು ಉಬ್ಬುವ ಮಣ್ಣು ಅದು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಅಂಟು. ನೆಂದ ಎರಿಯಲ್ಲಿ ಹತ್ತು ಹೆಜ್ಜೆ ನಡೆದು ನೋಡು. ಮೊದಲ ಹೆಜ್ಜೆಗೆ ಚಪ್ಪಲಿ ಕೆಳಗೆ ಒಂದು ಪದರ. ಎರಡನೇ ಹೆಜ್ಜೆಗೆ ಆ ಪದರಕ್ಕೆ ಇನ್ನೊಂದು ಪದರ. ಐದಾರು ಹೆಜ್ಜೆಗೆ ನೀನು ನಾಲ್ಕು ಬೆರಳು ಎತ್ತರ ಆಗಿರುತ್ತೀಯ, ಕಾಲು ಎತ್ತೋಕಾಗಲ್ಲ. ನಿನ್ನ ಟೈರಿಗೂ ಅದೇ ಆಗೋದು. ಟೈರಿನ ಗೆರೆಗಳು ಮುಚ್ಚಿಹೋಗುತ್ತವೆ, ಮಣ್ಣಿನ ಉಂಡೆ ಮಣ್ಣಿನ ಮೇಲೆ ಉರುಳುತ್ತದೆ. ಉಂಡೆ ದಪ್ಪವಾಗಿ ದಪ್ಪವಾಗಿ ಮಡ್‌ಗಾರ್ಡಿಗೆ ಮುಟ್ಟುತ್ತದೆ. ಅಲ್ಲಿಗೆ ಮುಗೀತು. ನಮ್ಮ ಕಡೆ ಮಳೆಗಾಲದಲ್ಲಿ ಎಷ್ಟೋ ಮಂದಿ ಬೈಕಿನ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿ ಇಡುತ್ತಾರೆ. ಬೈಕಿಗೆ ಒಂದು ಕೋಲು ಸಿಗಿಸಿರುತ್ತಾರೆ, ರಾಡಿ ತಿವಿದು ತೆಗೆಯೋಕೆ.

ಈಗ ನೀನು ಟೈರ್ ದೊಡ್ಡದು ಮಾಡಿದರೆ ಆ ಸಂದು ಇನ್ನೂ ಸಣ್ಣದಾಗುತ್ತೆ. ಹೋದ ವರ್ಷ ನೂರು ಮಾರಿನ ಮೇಲೆ ನಿಂತ ಗಾಡಿ ಈ ವರ್ಷ ಐವತ್ತು ಮಾರಿಗೇ ನಿಲ್ಲುತ್ತೆ.

ಹಳೇ ಚಕ್ಕಡಿ ಗಾಲಿ ನೋಡಿದ್ದೀಯಲ್ಲ? ಎತ್ತರ ಎದೆಮಟ, ಹಳಿಯ ಅಗಲ ಮೂರು ಬೆರಳು. ಎತ್ತರ ಬೇಕು, ಅಗಲ ಬೇಡ. ಮಡ್‌ಗಾರ್ಡ್ ಅಂತೂ ಇಲ್ಲವೇ ಇಲ್ಲ. ಮೇಲಿನ ರಾಡಿ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತಿತ್ತು. ಅದನ್ನು ಮಾಡಿದ ಬಡಿಗೇರ, ಕಂಬಾರರಿಗೆ ಮಣ್ಣು ಗೊತ್ತಿತ್ತು.

ಜಾಂಬೋಟಿ_ಮಳೆ

ಕಾಕಾ, ಮರ್ಯಾದೆಯಿಂದಲೇ ಕೇಳುತ್ತೇನೆ. ಅಗಲ ಟೈರ್ ತೇಲುತ್ತದೆ ಅಂತಾರಲ್ಲ? ಗಾಳಿ ಇಳಿಸಿದರೆ ಭಾರ ಹರಡಿ ಹೂಳುವುದೇ ಇಲ್ಲ. ಗೋವಾದ ಮರಳಿನಲ್ಲಿ ನಾನೇ ನೋಡಿದ್ದೇನೆ. ನಮ್ಮ ಕೆಂಪು ಮಣ್ಣಲ್ಲೂ ತೊಂದರೆ ಆಗಿಲ್ಲ.

ಚಕ್ಕಡಿ_ಗಾಲಿ

ಮರಳು ಅಂಟುತ್ತದೆಯೇನು? ನಿಮ್ಮ ಖಾನಾಪುರ ಕಡೆ ಜಂಬಿಟ್ಟಿಗೆ ಮಣ್ಣು, ಅದರಲ್ಲಿ ಗರಸು. ಮಳೆ ಬಂದರೆ ಜಾರುತ್ತದೆ, ತೊಳೆದು ಹೋಗುತ್ತದೆ. ನಮ್ಮದು ಕೂತಲ್ಲಿಂದ ಏಳಲ್ಲ. ನೀನು ಹೇಳಿದ್ದು ನಿನ್ನ ಮಣ್ಣಿಗೆ ಸರಿ.

ಲೇತ್_ಮಷಿನ್

ಕಾಕಾ ಹೇಳಿದ ಸಂದಿನ ಮಾತು ನನ್ನ ಲೆಕ್ಕದಲ್ಲಿ ಇರಲಿಲ್ಲ, ತಪ್ಪು ನನ್ನದೇ. ನಾನು ಕ್ಲಿಯರೆನ್ಸ್ ಅಂದರೆ ಗಾಡಿಯ ಕೆಳಗಿನದನ್ನೇ ನೋಡಿದೆ, ಟೈರಿನ ಮೇಲಿನದನ್ನು ನೋಡಲಿಲ್ಲ. ಎಲ್ಲ ಕಡೆ 20 ಮಿಮೀ ಸಂದು ಹೋಗುತ್ತದೆ. ಅಗಲದಲ್ಲೂ ಒಳಗೆ 20, ಹೊರಗೆ 20.

ಆದರೆ ಕಾಕಾ, ಸೀಳಿಕೊಂಡು ಹೋಗಿ ಗಟ್ಟಿ ನೆಲ ಮುಟ್ಟಬೇಕಾದರೆ ಕೆಳಗೆ ಗಟ್ಟಿ ನೆಲ ಇರಬೇಕಲ್ಲ?

ಚಕ್ಕಡಿ_ಗಾಲಿ

ಸರಿಯಾದ ಪ್ರಶ್ನೆ. ಮೃಗಶಿರಾ, ಆರಿದ್ರಾ ಹೊತ್ತಿಗೆ ಮೇಲಿನ ನಾಲ್ಕು ಬೆರಳು ನೆಂದಿರುತ್ತೆ, ಕೆಳಗೆ ಕಲ್ಲಿನಂಥ ನೆಲ. ಆಗ ಅಗಲ ಕಡಿಮೆ ಇರುವ ಟೈರ್ ಗೆಲ್ಲುತ್ತೆ. ಉತ್ತರಿ, ಹಸ್ತ ಮಳೆ ಹಿಡಿದು ಹೊಡೆದರೆ ಮೊಣಕಾಲವರೆಗೆ ಮೆತ್ತಗೆ. ಆಗ ಯಾವ ಟೈರೂ ಗೆಲ್ಲಲ್ಲ. ತಮ್ಮ ಹೋದದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಉತ್ತರಿ. ಆ ದಿನ ನಮ್ಮೂರಿನ ಟ್ರ್ಯಾಕ್ಟರೂ ಮನೆಯಲ್ಲೇ ಇತ್ತು. "ಡೋಣಿ ಬೆಳೆದರೆ ಓಣಿಗೆಲ್ಲ ಕಾಳು" ಅಂತಾರೆ. ಆ ಕಾಳು ಕೊಡುವ ಮಣ್ಣೇ ಗಾಡಿ ಹಿಡಿಯುತ್ತೆ.

ಕೆಂಪುಬಂಡೆ (ಬಾದಾಮಿ)

ನನ್ನದು ಮಹೀಂದ್ರಾ ಥಾರ್ ಜೀಪು, ಅದರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ರಿಮ್ ದೊಡ್ಡದು ಮಾಡು ಅಂದ ಗೆಳೆಯನ ಮಾತು ದಯವಿಟ್ಟು ಕೇಳಬೇಡಿ.

ಹೊಸ ಥಾರ್ ಎರಡು ಥರ ಬಂತು. ಒಂದಕ್ಕೆ 16 ಇಂಚಿನ ಕಬ್ಬಿಣದ ರಿಮ್, ಟೈರ್ 245/75 ಆರ್16. ಇನ್ನೊಂದಕ್ಕೆ 18 ಇಂಚಿನ ಅಲಾಯ್, ಟೈರ್ 255/65 ಆರ್18. ಹೊರಗಿನ ಎತ್ತರ ಹೆಚ್ಚುಕಡಿಮೆ ಒಂದೇ, ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಆದರೆ ಗೋಡೆ ನೋಡಿ: 16ರಲ್ಲಿ 184 ಮಿಮೀ ರಬ್ಬರ್, 18ರಲ್ಲಿ 166. ಅಂದರೆ ದೊಡ್ಡ ರಿಮ್ ಅಂದ ತಕ್ಷಣ ದೊಡ್ಡ ಗಾಲಿ ಅಂತಲ್ಲ. ರಬ್ಬರ್ ತೆಗೆದು ಆ ಜಾಗದಲ್ಲಿ ಲೋಹ ತುಂಬಿದಂತೆ. ಗಾಳಿ ಇಳಿಸಿದಾಗ ಹಿಗ್ಗಿ ಕಲ್ಲನ್ನು ಅಪ್ಪಿಕೊಳ್ಳುವುದು ಆ ರಬ್ಬರ್ ಗೋಡೆ. ಲೋಹ ಅಪ್ಪಿಕೊಳ್ಳಲ್ಲ, ಸೊಟ್ಟಗಾಗುತ್ತೆ.

ನನ್ನದು 18 ಅಲಾಯ್. ನಮ್ಮ ಕಡೆ ಮರಳುಗಲ್ಲಿನ ದಾರಿ, ಅಂಚು ಚೂಪು. ಮೊದಲ ವರ್ಷ ಗಾಳಿ ಇಳಿಸಿ ಒಂದು ಕಲ್ಲು ಹತ್ತಿಸಿದೆ, ಹಿಂದಿನ ಬಲ ರಿಮ್ಮಿನ ತುಟಿ ಬಾಗಿತು. ಕೆಳಗಿಳಿದು ನೋಡಿದರೆ ಹೆಬ್ಬೆರಳು ಇಡುವಷ್ಟು ತಗ್ಗು. ಗಾಳಿ ಸಣ್ಣಗೆ ಸುಯ್ ಅನ್ನುತ್ತಿತ್ತು. ಈಗ 17 ಇಂಚಿನ ರಿಮ್‌ಗೆ ಇಳಿದು 265/70 ಆರ್17 ಹಾಕಿದ್ದೇನೆ. ಹೊರಗಿನ ಎತ್ತರ 1.8 ಪರ್ಸೆಂಟ್ ಮಾತ್ರ ಏರಿದೆ, ಗೋಡೆ 185.5 ಮಿಮೀ ಆಯ್ತು. ರಿಮ್ ಸಣ್ಣದು ಮಾಡಿ ಟೈರ್ ದೊಡ್ಡದು ಮಾಡುವುದು ಇದು. ಜಿಮ್ನಿಗೆ ಈ ಕಷ್ಟವೇ ಇಲ್ಲ, 15 ಇಂಚು ಕೊಟ್ಟಿದ್ದಾರೆ. ಅದನ್ನು ಕೆಡಿಸಬೇಡಿ.

ಡೋಣಿ_ದಂಡೆ

ಹದಿನೇಳು ಇಂಚು ಕ್ಯಾನ್ಸಲ್. ಥ್ಯಾಂಕ್ಸ್ ಕೆಂಪುಬಂಡೆ ಅಣ್ಣ.

ಒಂದು ಅನುಮಾನ. 235ಕ್ಕೆ ಆರು ಇಂಚಿನ ರಿಮ್ ಬೇಕು ಅಂದರು. ಬೇರೆ ರಿಮ್ ಹಾಕಿದರೆ ಗಾಲಿ ಹೊರಗೆ ಬರುತ್ತೆ, ಒಳಗೆ ಸವರಲ್ಲ ಅಂತ ಅಂಗಡಿಯವರು ಹೇಳಿದ್ದರು. ಅದು ನಿಜವಾ?

ಲೇತ್_ಮಷಿನ್

ನಿಜ. ಆದರೆ ಪೂರ್ತಿ ನಿಜ ಅಲ್ಲ. ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಗೂ ಹಬ್‌ಗೆ ಕೂರುವ ಮುಖಕ್ಕೂ ಇರುವ ಅಂತರ) ಕಡಿಮೆ ಇದ್ದರೆ ಗಾಲಿ ಹೊರಕ್ಕೆ ಬರುತ್ತದೆ, ಒಳಗಿನ ಆರ್ಮ್‌ಗೆ (ಆಕ್ಸಲ್ ಹಿಡಿದಿರುವ ಸರಳಿಗೆ) ತಾಗುವುದು ನಿಲ್ಲುತ್ತದೆ. ಆದರೆ ತಿರುಗುವಾಗ ಅದೇ ಗಾಲಿ ದೊಡ್ಡ ವೃತ್ತದಲ್ಲಿ ಬೀಸುತ್ತದೆ, ಮುಂದಿನ ಬಂಪರ್ ಮೂಲೆಗೆ ತಾಗುತ್ತದೆ. ಒಳಗಿನ ಜಗಳ ಹೊರಗೆ ಹೋಯಿತು, ಅಷ್ಟೇ.

ಗಾಲಿ ಹೊರಗೆ ಹೋದಷ್ಟೂ ಬೇರಿಂಗಿಗೂ ಭಾರ. ಕೊಡ ಎದೆಗೆ ಅವಚಿ ಹಿಡಿದರೆ ಭಾರ ಗೊತ್ತಾಗಲ್ಲ. ಅದೇ ಕೊಡ ಕೈ ಚಾಚಿ ಹಿಡಿದು ನೋಡಿ. ನಮ್ಮ ಶೆಡ್ಡಿಗೆ ಬರುವ ಹಬ್‌ಗಳಲ್ಲಿ ಇದೇ ಕಥೆ. ಮೇಲಾಗಿ ಗಾಲಿ ಫ್ಲೇರ್ (ಮಡ್‌ಗಾರ್ಡಿನ ಹೊರ ಅಂಚು) ದಾಟಿ ಹೊರಗೆ ಬಂದರೆ ರಾಡಿ ಎಲ್ಲ ಬಾಗಿಲಿಗೆ, ಕನ್ನಡಿಗೆ ಹಾರುತ್ತದೆ.

ಕರಿಕೋಟು (ವಿಜಯಪುರ)

ಎಲ್ಲರೂ ಮಣ್ಣು, ಲೆಕ್ಕ ಹೇಳಿದಿರಿ. ನಾನು ಕಾಗದ ಹೇಳುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಗಾಡಿಯ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗುವಂತೆ ಮಾಲೀಕ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಚೆಕ್‌ಪೋಸ್ಟಿನಲ್ಲಿ ಯಾರೂ ಟೇಪು ಹಿಡಿದು ಟೈರ್ ಅಳೆಯುವುದಿಲ್ಲ, ಒಪ್ಪಿದೆ. ಕಷ್ಟ ಬರುವುದು ಅಪಘಾತ ಆದ ಮೇಲೆ. ಇನ್ಶೂರೆನ್ಸ್ ಸರ್ವೇಯರ್ ಬಂದು ಗಾಡಿಯ ಫೋಟೋ ತೆಗೆದು, ಮ್ಯಾನುವಲ್ ಪುಸ್ತಕದ ಸೈಜಿಗೆ ತಾಳೆ ಹಾಕುತ್ತಾನೆ. ಆಗ "ಅಂಗಡಿಯವರು ಕೂರುತ್ತೆ ಅಂದರು" ಅನ್ನುವುದು ಉತ್ತರ ಆಗಲ್ಲ.

ಸೈಜು ಬದಲಿಸುವುದೇ ಆದರೆ ಮೊದಲು ಇನ್ಶೂರೆನ್ಸ್‌ನವರಿಗೆ ಮೇಲ್ ಹಾಕಿ, ಅವರ ಉತ್ತರ ಪಡೆದು ಇಟ್ಟುಕೊಳ್ಳಿ. ಬಾಯಿಮಾತು ಬೇಡ.

ಜಾಂಬೋಟಿ_ಮಳೆ

ಸರ್, ಹೀಗೆ ಹೆದರಿಸಿದರೆ ಯಾರೂ ಗಾಡಿಗೆ ಸ್ಟಿಕರ್ ಕೂಡ ಅಂಟಿಸಲ್ಲ. ಬೆಳಗಾವಿಯಲ್ಲಿ ಅರ್ಧ ಥಾರ್‌ಗಳು ದೊಡ್ಡ ಟೈರ್‌ನಲ್ಲೇ ಓಡಾಡುತ್ತಿವೆ.

ಕರಿಕೋಟು

ಅರ್ಧ ಬೆಳಗಾವಿ ಹೆಲ್ಮೆಟ್ ಇಲ್ಲದೆಯೂ ಓಡಾಡುತ್ತಿದೆ. ನಾನು ಹೆದರಿಸುತ್ತಿಲ್ಲ. ಒಂದು ಮೇಲ್ ಬರೆಯೋಕೆ ಐದು ನಿಮಿಷ.

ಕೆಂಪುಬಂಡೆ

ಇಷ್ಟೊತ್ತು ಸೈಜಿನ ಬಗ್ಗೆಯೇ ಮಾತಾಡಿದ್ದೇವೆ. ಟೈರ್ ಜಾತಿ ಬಗ್ಗೆ ಯಾರೂ ಕೇಳಲಿಲ್ಲ. ಡೋಣಿ ದಂಡೆಯವರ ಕಂಪನಿ ಟೈರ್ ರಸ್ತೆಗೆ ಮಾಡಿದ್ದು, ಗೆರೆ ಸಣ್ಣ. ರಾಡಿಯಲ್ಲಿ ಒಂದೇ ಸುತ್ತಿಗೆ ಮುಚ್ಚಿಹೋಗುತ್ತೆ. ಎಂಟಿ (ರಾಡಿಗೇ ಮಾಡಿದ ಮಡ್ ಟೆರೇನ್) ಟೈರಿನ ರಬ್ಬರ್ ಗಟ್ಟಿಗಳ ನಡುವೆ ಅಗಲ ಸಂದು ಇರುತ್ತೆ, ಜೋರಾಗಿ ತಿರುಗಿಸಿದರೆ ರಾಡಿ ಸಿಡಿದು ಹೋಗುತ್ತೆ. ಎಟಿ ಎರಡರ ಮಧ್ಯೆ.

ಆದರೆ ಎಂಟಿ ಹಾಕುವ ಮುಂಚೆ ಅವರ ಲೆಕ್ಕ ನೋಡಿ. ಹೋಗಿ ಬರೋಕೆ ನಾನೂರು ಕಿಲೋಮೀಟರಿಗೂ ಮೇಲೆ ಡಾಂಬರು, ಆರು ಕಿಲೋಮೀಟರ್ ರಾಡಿ. ಎಂಟಿ ಹೆದ್ದಾರಿಯಲ್ಲಿ ಗುಂಯ್ ಅನ್ನುತ್ತೆ, ಬೇಗ ಸವೆಯುತ್ತೆ, ಒದ್ದೆ ಡಾಂಬರಿನಲ್ಲಿ ಬ್ರೇಕ್ ಉದ್ದ ಹೋಗುತ್ತೆ. ಆರು ಕಿಲೋಮೀಟರಿಗೋಸ್ಕರ ನಾನೂರು ಕಿಲೋಮೀಟರ್ ಯಾಕೆ ಕೆಡಿಸಿಕೊಳ್ಳಬೇಕು?

215/75 ಎಟಿ. ಐದು ಟೈರ್, ನಾಲ್ಕಲ್ಲ. ಹಳೇ ಸೈಜಿನ ಸ್ಟೆಪ್ನಿ ಹಾಕಿಕೊಂಡು ಫೋರ್ ಎಚ್‌ಗೆ (ನಾಲ್ಕೂ ಗಾಲಿ ತಳ್ಳುವ ಮಾಮೂಲಿ ವೇಗದ ಗೇರ್) ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದೇ ಸ್ಪೀಡಿಗೆ ಕಟ್ಟಿಕೊಂಡಿರುತ್ತವೆ. ಗಾಲಿ ಬೇರೆ ಬೇರೆ ಅಳತೆ ಇದ್ದರೆ ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಗೇರುಗಳು ಒಂದನ್ನೊಂದು ತಿರುಚುತ್ತವೆ. ನಾನು ಒಮ್ಮೆ ಮಾಡಿದ್ದೇನೆ. ಫೋರ್ ಎಚ್‌ನಿಂದ ಟೂ ಎಚ್‌ಗೆ (ಹಿಂದಿನ ಎರಡೇ ಗಾಲಿಗೆ) ಲಿವರ್ ಬರಲೇ ಇಲ್ಲ, ರಿವರ್ಸ್ ಹಾಕಿ ಸ್ವಲ್ಪ ಹಿಂದೆ ಹೋದ ಮೇಲೆ ಟಕ್ ಅಂತ ಬಿಟ್ಟಿತು.

ಚಕ್ಕಡಿ_ಗಾಲಿ

ನನ್ನ ಬೊಲೆರೊಗೆ ಕಂಪನಿಯವರೇ ಕೊಟ್ಟ ಸೈಜು 215/75 ಆರ್15. ನಮ್ಮ ಪಂಚರ್ ಅಂಗಡಿಗಳಲ್ಲಿ ಆ ಸೈಜು ಎಲ್ಲರಿಗೂ ಗೊತ್ತು. ರಾತ್ರಿ ಎಂಟಕ್ಕೆ ತಾಳಿಕೋಟೆಯಲ್ಲಿ ಟೈರ್ ಹರಿದರೆ 235 ಯಾರು ತಂದುಕೊಡುತ್ತಾರೆ?

ಅಂದ ಹಾಗೆ ತೊಗರಿ ಕೂಳೆ ಮರೀಬೇಡ ತಮ್ಮಾ. ಕೊಯ್ದ ಮೇಲೆ ಉಳಿಯುವ ಮೋಟು ಓರೆಯಾಗಿ ಕತ್ತರಿಸಿದ ಮೊಳೆ ಇದ್ದಂತೆ. ಟ್ರ್ಯಾಕ್ಟರ್ ಟೈರನ್ನೇ ತೂತು ಮಾಡುತ್ತೆ. ಗೋಡೆಗೆ ಹೊಕ್ಕರೆ ಪಂಚರ್ ಹಾಕೋಕೆ ಬರಲ್ಲ, ಟೈರ್ ಹೋಯಿತು. ಗಾಳಿ ಇಳಿಸಿ ಕೂಳೆ ಹೊಲದೊಳಗೆ ಹೋಗಬೇಡ, ಗೋಡೆ ಹೊರಗೆ ಉಬ್ಬಿರುತ್ತೆ.

ಜಾಂಬೋಟಿ_ಮಳೆ

ನಾನು ಇನ್ನೂ 235 ಪಕ್ಷವೇ. ಆದರೆ ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ಸವದತ್ತಿ ಕಡೆ ಒಂದು ಎರಿ ಹೊಲಕ್ಕೆ ಹೋಗಿದ್ದೆ. ವಾಪಸ್ ಹೆದ್ದಾರಿಗೆ ಬಂದರೆ 80 ದಾಟಿದ ತಕ್ಷಣ ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತಿತ್ತು. ಬ್ಯಾಲೆನ್ಸಿಂಗ್ ಮಾಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ, ದುಡ್ಡು ಕೊಟ್ಟೆ, ಪೂರ್ತಿ ಹೋಗಲಿಲ್ಲ. ಕೊನೆಗೆ ಗಾಲಿ ಬಿಚ್ಚಿ ನೋಡಿದರೆ ರಿಮ್ಮಿನ ಒಳಗಡೆ ಒಂದು ಬದಿಗೆ ಎರಿ ಮಣ್ಣು ಒಣಗಿ ಇಟ್ಟಿಗೆಯಂತೆ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಕೆತ್ತಿ ತೆಗೆದೆ. ಬ್ಯಾಲೆನ್ಸಿಂಗ್ ಮಾಡಿದವರು ಅದನ್ನು ನೋಡದೇ ಎದುರು ಬದಿಗೆ ತೂಕ ಹೊಡೆದಿದ್ದರು. ಮಣ್ಣು ತೆಗೆದ ಮೇಲೆ ಮತ್ತೆ ಕುಣಿತ!

ಕಾಕಾ, ನಿಮ್ಮ ಮಣ್ಣಿಗೆ ನಮಸ್ಕಾರ.

ಲೇತ್_ಮಷಿನ್

ಡೋಣಿ ದಂಡೆ ಅವರೇ, ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲ. 20 ಮಿಮೀ ದಪ್ಪದ ಒಂದು ಪ್ಲೈವುಡ್ ತುಂಡು ತಗೊಳ್ಳಿ. ಮುಂದಿನ ಒಂದು ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ, ಆ ಕಡೆ ಸಸ್ಪೆನ್ಷನ್ ಕುಗ್ಗಲಿ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಇನ್ನೊಂದು ಗಾಲಿಗೆ ಅಡ್ಡ ಕಲ್ಲು. ಸ್ಟಿಯರಿಂಗ್ ಫುಲ್ ಲಾಕ್. ಈಗ ಟೈರಿನ ಸುತ್ತ ಆ ತುಂಡು ಆಡಿಸಿ. ಎಲ್ಲಿ ತುಂಡು ಹೋಗಲ್ಲವೋ ಅಲ್ಲಿ 235 ತಾಗುತ್ತೆ. ತುಂಡು ಹೋದ ಮೇಲೆ ಇನ್ನೂ ಎಷ್ಟು ಸಂದು ಉಳಿಯುತ್ತೋ ಅದೇ ಕಾಕಾ ಹೇಳಿದ ರಾಡಿಯ ಜಾಗ. ಅಂಗಡಿ ಮುಂದೆ ಸಪಾಟು ಕಾಂಕ್ರೀಟಿನ ಮೇಲೆ ನಿಲ್ಲಿಸಿ ನೋಡಿದರೆ ಎಲ್ಲ ಟೈರೂ ಕೂರುತ್ತೆ.

ಡೋಣಿ_ದಂಡೆ

ಮಾಡಿದೆ. ಭಾನುವಾರ ಬೆಳಿಗ್ಗೆ ಮನೆ ಮುಂದೆ. ಓಣಿಯ ಹುಡುಗರೆಲ್ಲ ಸೇರಿದ್ದರು.

ನೇರ ಇಟ್ಟಾಗ ತುಂಡು ಎಲ್ಲ ಕಡೆ ಹೋಯಿತು. ಲಾಕ್ ತಿರುಗಿಸಿದಾಗ ಒಳಗಿನ ಆರ್ಮ್ ಹತ್ತಿರ ಹೋಗಲಿಲ್ಲ. ಕಲ್ಲು ಹತ್ತಿಸಿ ಲಾಕ್ ತಿರುಗಿಸಿದಾಗ ಬಂಪರ್ ಮೂಲೆಯಲ್ಲೂ ಸಿಕ್ಕಿಕೊಂಡಿತು. ಮೇಲ್ಗಡೆ ಹೋಯಿತು, ಆದರೆ ಅದರ ಮೇಲೆ ಉಳಿದದ್ದು ಎರಡು ಬೆರಳು. ಅಲ್ಲೇ ಮಡ್‌ಗಾರ್ಡ್ ಒಳಗಿನ ಲೈನರ್‌ಗೆ ಹೋದ ವರ್ಷದ ಮಣ್ಣು ಇನ್ನೂ ಅಂಟಿತ್ತು. ನೀರು ಹೊಡೆದು ತೊಳೆದದ್ದು ಎಷ್ಟೋ ಸಲ, ಆದರೂ!

215/75 ಎಟಿ ಐದು ಹಾಕಿಸುವುದು ಅಂತ ತೀರ್ಮಾನಿಸಿದೆ. 235 ಹೇಳಿದ ಅಂಗಡಿಯಲ್ಲೇ ಕೇಳಿದೆ. ಅವರು ತಂದಿಟ್ಟ ಐದರಲ್ಲಿ ಎರಡರ ತಾರೀಖು ಬೇರೆ. ಟೈರ್ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತಲ್ಲ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮೂರರಲ್ಲಿ ಈ ವರ್ಷದ್ದು. ಎರಡರಲ್ಲಿ 2320, ಅಂದರೆ 2020ರ ಇಪ್ಪತ್ತಮೂರನೇ ವಾರ. ಆ ಅಂಕಿ ಇರುವ ಬದಿಯನ್ನು ಅಂಗಡಿಯ ಗೋಡೆ ಕಡೆ ಮಾಡಿ ನಿಲ್ಲಿಸಿದ್ದರು. ಕೇಳಿದರೆ "ರಬ್ಬರ್ ಹಳೇದಾದಷ್ಟೂ ಗಟ್ಟಿ ಸರ್" ಅಂದರು. ಎದ್ದು ಬಂದೆ. ಬೇರೆ ಕಡೆ ಹಾಕಿಸಿದೆ.

ಕರಿಕೋಟು ಸರ್, ಇನ್ಶೂರೆನ್ಸ್‌ನವರಿಗೆ ಮೇಲ್ ಹಾಕಿದ್ದೇನೆ.

ಕರಿಕೋಟು

ಉತ್ತರ ಬರುವವರೆಗೆ ನೆನಪು ಮಾಡುತ್ತಿರಿ.

ಬರೀ_ನೋಡುವವ

ಟೈರ್ ಸರಿ. ಹೊಲಕ್ಕೆ ಹೋದಿರಾ?

ಡೋಣಿ_ದಂಡೆ

ಹೋಗಿದ್ದೆ. ಹಿಂದಿನ ರಾತ್ರಿ ಒಂದು ಹದ ಮಳೆ ಆಗಿತ್ತು. ಡಾಂಬರು ಮುಗಿದಲ್ಲಿ ನಾಲ್ಕೂ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿದೆ, ಫೋರ್ ಎಚ್ ಹಾಕಿದೆ. ಒಂದೂವರೆ ಕಿಲೋಮೀಟರ್ ಆರಾಮಾಗಿ ಹೋಯಿತು. ಆಮೇಲೆ ಎಂಜಿನ್ ಸದ್ದು ಭಾರ ಆಯಿತು. ಹೋದ ವರ್ಷದ ಹಾಗೆ ಒತ್ತಲಿಲ್ಲ, ನಿಲ್ಲಿಸಿ ಇಳಿದೆ. ಮಡ್‌ಗಾರ್ಡ್ ಒಳಗೆ ಬೆರಳು ಹಾಕಿದರೆ ಒಂದು ಬೆರಳಿನ ಸಂದು ಉಳಿದಿತ್ತು. ಜಾಲಿ ಕೋಲಿನಿಂದ ನಾಲ್ಕೂ ಕಡೆ ತಿವಿದು ತೆಗೆದೆ, ಬಂದ ಗಾಲಿ ಗುರುತಿನ ಮೇಲೇ ರಿವರ್ಸ್ ಬಂದು ಒಂದು ಗರಸಿನ ದಿಬ್ಬದ ಮೇಲೆ ಗಾಡಿ ನಿಲ್ಲಿಸಿದೆ.

ಚಕ್ಕಡಿ_ಗಾಲಿ

ಉಳಿದ ದಾರಿ?

ಡೋಣಿ_ದಂಡೆ

ನಡೆದೆ ಕಾಕಾ. ಚಪ್ಪಲಿ ಕೈಯಲ್ಲಿ ಹಿಡಿದು.